ಕುಲುಮೆ ಉರಿಯುವ ದಿನ ಹೋಗಿ

ಪ್ರಶ್ನೆ: ಬೇಸಿಗೆಯಲ್ಲಿ ಅಮೆರಿಕದ ಮಗನ ಮನೆಗೆ ಹೊರಟಿದ್ದೇವೆ. ಅಲ್ಲಿ ಹತ್ತಿರದಲ್ಲೇ, ಹುಲ್ಲುಗಾವಲು ಉತ್ತು ನೆಲೆನಿಂತ ಮೊದಲ ವಲಸಿಗರ ಬದುಕನ್ನು ಮಾಡಿ ತೋರಿಸುವ ಮ್ಯೂಸಿಯಂ ಇದೆ. ನಡೆಸುವವರೆಲ್ಲ ಸ್ವಯಂಸೇವಕರಂತೆ. ಎಂಟು ವರ್ಷದ ಮೊಮ್ಮಗಳ ಜೊತೆ ಹೇಗೆ ನೋಡಬೇಕು?

ಉತ್ತರ: ಮೊದಲು ಫೋನ್ ಮಾಡಿ. ಎಷ್ಟು ಗಂಟೆಗೆ ತೆರೆಯುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಕುಲುಮೆ ಯಾವ ದಿನ ಉರಿಯುತ್ತದೆ, ಬೆಣ್ಣೆ ಯಾವಾಗ ಕಡೆಯುತ್ತಾರೆ ಎಂದು ಕೇಳಿ. ಸಂಬಳದವರಿಲ್ಲದ ಜಾಗ, ಕಮ್ಮಾರಿಕೆ ಬಲ್ಲವರು ಬಾರದ ದಿನ ಕುಲುಮೆ ತಣ್ಣಗಿರುತ್ತದೆ.

ಎಲ್ಲ ಮನೆಗಳನ್ನೂ ಸುತ್ತುವ ಆತುರ ಬೇಡ. ಯಾವುದಾದರೂ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಮಗುವಿಗೆ ಬೆಣ್ಣೆಯೇ ಒಳ್ಳೆಯದು. ಎತ್ತರದ ಮರದ ಪೀಪಾಯಿಯಲ್ಲಿ ಕೋಲನ್ನು ಮೇಲೆ ಕೆಳಗೆ ಆಡಿಸುತ್ತಾರೆ, ನಮ್ಮ ಕಡೆಗೋಲಿನಂತೆ ತಿರುಗಿಸುವುದಿಲ್ಲ. ಕೆನೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಸುಮಾರು ಅರ್ಧ ಗಂಟೆಯಲ್ಲಿ ಬೆಣ್ಣೆ ಕಾಳುಕಟ್ಟುತ್ತದೆ. ತೀರಾ ತಣ್ಣಗಿದ್ದರೆ ನೊರೆ ಏಳುತ್ತದೆಯೇ ಹೊರತು ಬೆಣ್ಣೆ ಕೂಡುವುದಿಲ್ಲ. ಬೆಚ್ಚಗಾದರೆ ಜಿಡ್ಡುಜಿಡ್ಡಾಗಿ ಮಜ್ಜಿಗೆಯನ್ನು ಬಿಟ್ಟುಕೊಡುವುದಿಲ್ಲ. ಆಮೇಲೆ ನೀರು ತಿಳಿಯಾಗುವವರೆಗೆ ತೊಳೆಯುವುದನ್ನು ತಪ್ಪದೆ ನೋಡಿ. ಮಜ್ಜಿಗೆ ಉಳಿದರೆ ಬೆಣ್ಣೆ ಬೇಗ ಕಮಟು ಹಿಡಿಯುತ್ತದೆ, ಉಪ್ಪು ಬೆರೆಸುವುದೂ ಬಾಳಿಕೆಗಾಗಿಯೇ.

ಮೇಣದಬತ್ತಿ ಅದ್ದಲು ಮಗುವಿಗೆ ಅವಕಾಶ ಸಿಕ್ಕರೆ, ಬತ್ತಿಯನ್ನು ಚಕ್ಕನೆ ಅದ್ದಿ ಎತ್ತಬೇಕು, ಆರಿದ ಮೇಲೆಯೇ ಮತ್ತೆ ಅದ್ದಬೇಕು. ಕರಗಿದ ಮೇಣದಲ್ಲೋ ಕೊಬ್ಬಿನಲ್ಲೋ ಹೆಚ್ಚು ಹೊತ್ತು ಬಿಟ್ಟರೆ ಹಿಂದಿನ ಪದರವೂ ಕರಗಿಹೋಗುತ್ತದೆ.

ಹುಲ್ಲುಹೆಂಟೆಯ ಮನೆಯಿದ್ದರೆ ಬಿಡಬೇಡಿ. ಮರ ಸಿಗದ ಬಯಲಿನಲ್ಲಿ, ಬೇರು ಹೆಣೆದುಕೊಂಡ ನೆಲವನ್ನು ನೇಗಿಲಿನಿಂದ ಪಟ್ಟಿಯಾಗಿ ಸೀಳಿ, ತುಂಡರಿಸಿ, ಹುಲ್ಲಿನ ಮುಖ ಕೆಳಗಾಗಿ ಪೇರಿಸುತ್ತಿದ್ದರು. ಸುಮಾರು ಎರಡಡಿ ದಪ್ಪದ ಗೋಡೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಸೋಲುತ್ತಿದ್ದುದು ಚಾವಣಿ: ಮಳೆ ನಿಂತರೂ ತೊಟ್ಟಿಕ್ಕುತ್ತಿತ್ತು. ಉದುರುವ ಮಣ್ಣು ಊಟದ ಮೇಲೆ ಬೀಳದಂತೆ ಒಳಗೆ ಬಟ್ಟೆ ಕಟ್ಟುತ್ತಿದ್ದರು.

ಯಾವುದನ್ನೂ ಮುಟ್ಟುವ ಮುನ್ನ ಅದು ಹಳೆಯದೋ, ಪ್ರತಿಕೃತಿಯೋ ಎಂದು ಕೇಳಿ. ಕುಲುಮೆಯ ಬಳಿ ಮುಚ್ಚಿದ ಶೂ ಇರಲಿ, ಮಗುವಿನ ಜಡೆ ಕಟ್ಟಿರಲಿ.

ಇನ್ನೊಂದು ಪ್ರಶ್ನೆ ನೀವಾಗಿಯೇ ಕೇಳಬೇಕು. 1862ರ ಕಾಯ್ದೆಯಡಿ, ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದವರಿಗೆ ಸರ್ಕಾರ 160 ಎಕರೆವರೆಗೆ ಭೂಮಿ ಕೊಟ್ಟಿತು. ಆ ನೆಲದಲ್ಲಿ ಮೊದಲು ಯಾವ ಮೂಲನಿವಾಸಿಗಳಿದ್ದರು, ಅವರನ್ನು ಎಲ್ಲಿಗೆ ಅಟ್ಟಲಾಯಿತು? ಒಳ್ಳೆಯ ಸ್ವಯಂಸೇವಕರು ಇದಕ್ಕೂ ನಿಂತು ಉತ್ತರಿಸುತ್ತಾರೆ.