ಕೋಲಾರದ ಬೆಟ್ಟಕ್ಕೆ 22 ಸಾವಿರದೊಳಗೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಕೊಳ್ಳಬಹುದೇ?

ಬೇಡ. ಯಾಕೆ ಬೇಡ ಎಂಬುದಕ್ಕೆ ನನ್ನ ಎಡ ಭುಜದ ಕಥೆಯನ್ನೇ ಹೇಳಬೇಕಾಗುತ್ತದೆ.

"ಹಿಂದೆಯೂ ಸ್ಪ್ರಿಂಗ್ ಇದ್ದರೆ ಅಂತರಗಂಗೆ ಕಡೆಯ ಕಲ್ಲು ದಾರಿಯಲ್ಲಿ ಬೀಳುವ ಭಯ ಕಡಿಮೆಯಲ್ಲವೇ" ಎಂದು ಕೇಳಿದ್ದೀರಿ. ಇದೇ ಮಾತನ್ನು 2019ರಲ್ಲಿ ಅಂಗಡಿಯವರ ಮುಂದೆ ನಿಂತು ನಾನೂ ಕೇಳಿದ್ದೆ. ಅವರು ಹೌದೆಂದರು. ಮಾರುವವರು ಇಲ್ಲವೆನ್ನುತ್ತಾರೆಯೇ? 19 ಸಾವಿರ ಎಣಿಸಿಕೊಟ್ಟು ತಂದೆ. ನೋಡಲು ಮೋಟರ್‌ಸೈಕಲ್ಲಿನ ತಮ್ಮನಂತಿತ್ತು. ಸೀಟಿನ ಕೆಳಗಿನ ಕೆಂಪು ಸ್ಪ್ರಿಂಗನ್ನು ಊರಿನ ಹುಡುಗರೆಲ್ಲ ಸರದಿಯಲ್ಲಿ ಬಂದು ಅದುಮಿ ನೋಡಿದರು. ಒಂದು ದಿನ ಟೊಮೆಟೊ ತೂಗುವ ತಕ್ಕಡಿಯ ಮೇಲೆ ಇಟ್ಟೆವು. 18 ಕಿಲೋ ದಾಟಿತು.

ಒಳ್ಳೆಯ ಶಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗ್ ಅಥವಾ ಗಾಳಿಯ ಜೊತೆಗೆ ಎಣ್ಣೆಯೂ ಇರುತ್ತದೆ. ಅದು ಸಣ್ಣ ರಂಧ್ರಗಳಲ್ಲಿ ಹಾಯಬೇಕಾದ್ದರಿಂದ, ಅದುಮಿದ ಸ್ಪ್ರಿಂಗ್ ಒಮ್ಮೆಗೇ ಚಿಮ್ಮದೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಸೈಕಲ್ಲಿನಲ್ಲಿ ಇದ್ದದ್ದು ಬರಿಯ ಸ್ಪ್ರಿಂಗ್. ಏರಿನಲ್ಲಿ ತುಳಿದರೆ ನನ್ನ ಬಲದಲ್ಲಿ ಒಂದು ಪಾಲು ಅದನ್ನು ಕುಣಿಸುವುದಕ್ಕೇ ಹೋಗುತ್ತಿತ್ತು. ಇಳಿಜಾರಿನಲ್ಲಿ ಹಿಂದಿನ ಚಕ್ರ ಕಲ್ಲು ಹತ್ತಿಳಿದರೆ ಹಿಂದಿನಿಂದ ಕತ್ತೆ ಒದ್ದಂತೆ ಸವಾರನನ್ನು ಮುಂದಕ್ಕೆ ಎತ್ತಿ ಹಾಕುತ್ತಿತ್ತು. ಜೋಡಣೆಯ ಬುಷ್‌ಗಳು ವರ್ಷ ತುಂಬುವ ಮೊದಲೇ ಸವೆದು ಹಿಂಬದಿ ಅತ್ತಿತ್ತ ಆಡತೊಡಗಿತು. 22 ಸಾವಿರದಲ್ಲಿ ಎರಡು ಸಸ್ಪೆನ್ಷನ್ ಕೊಡುವವರು ಉಳಿದೆಲ್ಲದರಲ್ಲಿ ಏನನ್ನು ಉಳಿಸಿಕೊಂಡಿರಬಹುದು ಎಂದು ಲೆಕ್ಕ ಹಾಕಿ.

ಆದರೂ ನನ್ನನ್ನು ಬೀಳಿಸಿದ್ದು ಆ ಸ್ಪ್ರಿಂಗ್ ಅಲ್ಲ. ಬೀಳಿಸಿಕೊಂಡದ್ದು ನಾನೇ, ನನ್ನ ಕೈಯಿಂದಲೇ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲಿಗೆ ನಾನು ಓಡಿಸುತ್ತಿದ್ದದ್ದು ನಮ್ಮೂರ ಕೆರೆಯಂಗಳದಲ್ಲಿ. ವರ್ಷಗಟ್ಟಲೆ ಒಣಗಿದ್ದ ಕೆರೆ, ಬಿರುಕು ಬಿಟ್ಟ ನೆಲ, ಬಳ್ಳಾರಿ ಜಾಲಿಯ ಪೊದೆಗಳ ನಡುವೆ ದನ ತುಳಿದು ಆದ ದಾರಿ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಮೈದಾನ ಸಿಗುವುದಿಲ್ಲ. ಆಮೇಲೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಒಂದೊಂದಾಗಿ ಹರಿಯುತ್ತಿತ್ತಲ್ಲ, ನಮ್ಮ ಸರದಿಯೂ ಬಂದು ನನ್ನ ಮೈದಾನ ಮುಳುಗಿತು. ಆ ನೀರಿನ ಬಗ್ಗೆ ಊರಿನಲ್ಲಿ ಇರುವ ವಾದಗಳಿಗೆ ನಾನು ಹೋಗುವುದಿಲ್ಲ. ನನ್ನ ಪಾಲಿಗಂತೂ ಉಳಿದದ್ದು ಏರಿ ಮತ್ತು ಬೆಟ್ಟ. ಏರಿ ಬೇಗ ಬೇಸರವಾಯಿತು.

ಆಷಾಢದ ದಿನಗಳು. ಬೀಸುಗಾಳಿಯ ದೂಳು, ನಡುನಡುವೆ ತುಂತುರು. ಮುಂದಿನ ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡು ಅದುಮಿ ಹಿಡಿಯುವಂಥದ್ದು) ಕಿರುಚತೊಡಗಿತು. ಹಿಡಿದಾಗಲೆಲ್ಲ ಹಂದಿ ಹಿಡಿದಂತೆ ಸದ್ದು, ಬೀದಿಯವರೆಲ್ಲ ತಿರುಗಿ ನೋಡುವಷ್ಟು. ನಮ್ಮ ಮನೆಯಲ್ಲಿ ಕಿರುಗುಟ್ಟುವ ವಸ್ತುವಿಗೆ ಒಂದೇ ಔಷಧಿ: ಬಾಗಿಲ ಕೀಲಾಗಲಿ, ಗೇಟಾಗಲಿ, ಚೈನಾಗಲಿ, ಎಣ್ಣೆ. ಪಂಪ್‌ಸೆಟ್ ಮನೆಯಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಇತ್ತು. ತಂದು ಚಕ್ರ ತಿರುಗಿಸುತ್ತಾ ಡಿಸ್ಕಿನ ಎರಡೂ ಮುಖಗಳಿಗೆ ಹೊಡೆದೆ. ಹಿಂದಿನದು ಕಿರುಚುತ್ತಿರಲಿಲ್ಲ, ಮುಂದೆಂದೂ ಕಿರುಚಬಾರದೆಂದು ಅದಕ್ಕೂ ಹೊಡೆದೆ. ಪ್ಯಾಡಿನ ಸಂದಿಗೆ ಡಬ್ಬಿಯ ಕೆಂಪು ಕೊಳವೆ ತೂರಿಸಿ ಇನ್ನೆರಡು ಸಲ. ಸದ್ದು ಮಾಯ. ಆ ಸಂಜೆ ನನ್ನ ಬಗ್ಗೆ ನನಗೆ ಎಷ್ಟು ಮೆಚ್ಚುಗೆಯಾಗಿತ್ತೆಂದರೆ ಗೆಳೆಯನಿಗೆ ಫೋನ್ ಮಾಡಿ "ನಿನ್ನದಕ್ಕೂ ಹೊಡೆದುಕೊಡುತ್ತೇನೆ, ತಾ" ಎಂದೆ. ಅವನಿಗೆ ಪುರುಸೊತ್ತಿರಲಿಲ್ಲ. ಅವನ ಪುಣ್ಯ.

ಮುಂದಿನ ಮೂರು ದಿನ ಸಮತಟ್ಟಾದ ರಸ್ತೆಯಲ್ಲೇ ಓಡಾಡಿದೆ. ಅಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ ತಾನೇ ನಿಧಾನವಾಗುತ್ತದೆ, ಬ್ರೇಕ್ ಕೆಟ್ಟಿದೆಯೆಂದು ತಿಳಿಯುವುದೇ ಇಲ್ಲ. ಭಾನುವಾರ ಆ ಗೆಳೆಯನೂ ನಾನೂ ಕೋಲಾರದ ಶತಶೃಂಗ ಬೆಟ್ಟದ ಮೇಲಿನ ತೇರಹಳ್ಳಿ ಎಂಬ ಊರಿನ ಕಡೆಗೆ ಹತ್ತಿದೆವು. ಹತ್ತುವಾಗ ಬ್ರೇಕಿನ ಅಗತ್ಯವೇ ಬೀಳಲಿಲ್ಲ. ಮೇಲೆ ಗಾಳಿಗೆ ಮೈಯೊಡ್ಡಿ ಕೂತು, ಕಡಲೆಕಾಯಿ ತಿಂದು, ಮೇಕೆಗಳು ಓಡಾಡುವ ದಾರಿಯೊಂದನ್ನು ಹಿಡಿದು ಇಳಿಯತೊಡಗಿದೆವು.

ಬೆಟ್ಟದ ಆ ಮಗ್ಗುಲಿನ ನೆಲ ಹೇಗಿರುತ್ತದೆಂದು ನಿಮಗೆ ಗೊತ್ತಿರಬಹುದು. ಬಂಡೆ, ಬಂಡೆಯ ಮೇಲೆ ಹರಡಿದ ಗರಸು. ರಾಗಿ ಚೆಲ್ಲಿದ ಗಾರೆ ನೆಲದ ಮೇಲೆ ಓಡಿದಂತೆ. ಮೊದಲ ತಿರುವಿಗೆ ಮುಂಚೆ ಬ್ರೇಕ್ ಹಿಡಿದೆ. ಹಿಡಿ ಗಟ್ಟಿಯಾಗಿಯೇ ಇತ್ತು, ಕೇಬಲ್ ಸಡಿಲವಾಗಿರಲಿಲ್ಲ. ಎರಡೂ ಕೈಯಿಂದ ಅಮುಕಿದರೂ ಸೈಕಲ್ ಮಾತ್ರ ನನ್ನನ್ನು ಕೇಳಿಸಿಕೊಳ್ಳಲಿಲ್ಲ. ಸದ್ದೂ ಇಲ್ಲ. ಆ ನಿಶ್ಶಬ್ದ ಈಗಲೂ ನೆನಪಿದೆ. ತಿರುವಿನಲ್ಲಿ ಕಲ್ಲೊಂದು ಹಿಂದಿನ ಚಕ್ರಕ್ಕೆ ಸಿಕ್ಕಿತು, ಕೆಂಪು ಸ್ಪ್ರಿಂಗ್ ತನ್ನ ಕೆಲಸ ಮಾಡಿತು, ನಾನು ಹ್ಯಾಂಡಲ್ ದಾಟಿ ಲಂಟಾನ ಪೊದೆಯ ಪಕ್ಕದ ಬಂಡೆಗೆ ಭುಜ ಕೊಟ್ಟೆ. ಹೆಲ್ಮೆಟ್ ಎರಡು ಕಡೆ ಸೀಳಿತ್ತು. ಆ ವಾರ ನಾನು ಸರಿಯಾಗಿ ಮಾಡಿದ ಕೆಲಸವೆಂದರೆ ಅದನ್ನು ಹಾಕಿಕೊಂಡದ್ದೊಂದೇ.

ಕಾಲರ್ ಬೋನ್, ಅಂದರೆ ಭುಜದ ಮುಂದಿನ ಕೊರಳೆಲುಬು, ಮುರಿದಿತ್ತು. ಆರು ವಾರ ಕೈ ಜೋಳಿಗೆಯಲ್ಲಿ.

ನಮ್ಮದು ರೇಷ್ಮೆ ಸಾಕುವ ಮನೆ. ನಾನು ಬಿದ್ದ ದಿನ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹೊತ್ತಿನ ನಿದ್ದೆಗೆ ನಾವು ಹಾಗೆನ್ನುತ್ತೇವೆ) ಎದ್ದು ಎರಡನೇ ದಿನ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಈ ಕೊನೆಯ ಒಂದು ವಾರದಲ್ಲೇ ಹೋಗುತ್ತದೆ. ಹಗಲು ರಾತ್ರಿ ಸೊಪ್ಪು ಕೊಯ್ಯಬೇಕು, ಹೊರಬೇಕು, ಹರಡಬೇಕು. ಆಮೇಲೆ ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಪ್ಪ ಅಮ್ಮ ಇಬ್ಬರೇ ಮಾಡಿದರು, ನಾನು ಬಾಗಿಲಲ್ಲಿ ಕೂತು ನೋಡಿದೆ. ಅಪ್ಪನಿಗೆ ಸಿಟ್ಟು ಬಂದರೆ ಮಾತಿನಲ್ಲಿ ತೆಲುಗು ನುಸುಳುತ್ತದೆ. ಆ ವಾರ ಕನ್ನಡವೇ ಇರಲಿಲ್ಲ.

ನನಗೆ ನಾಚಿಕೆಯಾದದ್ದು ಬೇರೆಯದೇ ಕಾರಣಕ್ಕೆ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿಯ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೂ ಹುಳು ಸಾಯುತ್ತದೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಕೈ ತೊಳೆಯದೆ ಹುಳುಮನೆಗೆ ಕಾಲಿಟ್ಟರೆ ಅಮ್ಮ ಹೊಸಿಲಲ್ಲೇ ತಡೆಯುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸೋಂಕು ಇಡೀ ಬೆಳೆಯನ್ನು ಕೆಡಿಸುತ್ತದೆ ಎಂಬುದು ನಮ್ಮ ಮನೆಯ ಮೊದಲ ಪಾಠ. ಅದೇ ನಾನು ಉಜ್ಜಿ ಹಿಡಿಯಬೇಕಾದ ಲೋಹಕ್ಕೆ ಎಣ್ಣೆ ಹೊಡೆದಿದ್ದೆ.

ಏನಾಯಿತೆಂದರೆ, ಡಿಸ್ಕ್ ಬರಿಯ ಉಕ್ಕಿನ ತಟ್ಟೆ, ಅದನ್ನು ಒರೆಸಿ ಶುದ್ಧ ಮಾಡಬಹುದು. ಪ್ಯಾಡು ಹಾಗಲ್ಲ. ರಾಳದಲ್ಲಿ ನಾರು, ಪುಡಿಗಳನ್ನು ಕಲಸಿ ಒತ್ತಿದ ವಸ್ತು ಅದು, ಹಪ್ಪಳ ಎಣ್ಣೆ ಹೀರಿದಂತೆ ಹೀರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಬ್ರೇಕ್ ಹಿಡಿದು ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ನಾನು ಗುಣವಾದ ಮೇಲೆ ಮಾಡಿದ ಎರಡನೇ ತಪ್ಪೂ ಇಲ್ಲೇ: ಸೀಮೆಎಣ್ಣೆ ಬಟ್ಟೆಯಲ್ಲಿ ಎರಡನ್ನೂ ಒರೆಸಿದೆ. ಎಣ್ಣೆ ತೆಗೆಯಲು ಎಣ್ಣೆ! ಪ್ಯಾಡನ್ನು ಮರಳು ಕಾಗದಕ್ಕೆ ಉಜ್ಜಿದೆ, ಒಲೆಯ ಮೇಲೆ ಹಿಡಿದು ಕಾಯಿಸಿದೆ. ಒಂದು ದಿನ ಹಿಡಿದಂತೆ ಮಾಡಿ ಮರುದಿನ ಮತ್ತೆ ಅದೇ ನಿಶ್ಶಬ್ದ. ಕೊನೆಗೆ ಬೆಂಗಳೂರಿನ ಮೆಕ್ಯಾನಿಕ್ ಒಬ್ಬರು ಪ್ಯಾಡನ್ನು ಮೂಸಿ ನೋಡಿ ಕಸದ ಬುಟ್ಟಿಗೆ ಹಾಕಿದರು. ಹೊಸ ಪ್ಯಾಡಿನ ಬೆಲೆ ಕೆಲವು ನೂರು ರೂಪಾಯಿ.

ಈಗ ಮಾಡುವುದು ಹೀಗೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಶುಭ್ರ ಬಟ್ಟೆಯಿಂದ ಒರೆಸುತ್ತೇನೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಪರಿಮಳದ ಸ್ಯಾನಿಟೈಸರ್ ಆಗದು. ಡಿಸ್ಕನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಬೆರಳಿನ ಜಿಡ್ಡೂ ಜಿಡ್ಡೇ. ಚೈನಿಗೆ ಎಣ್ಣೆ ಹಾಕುವಾಗ ಸ್ಪ್ರೇ ಬಳಸದೆ ತೊಟ್ಟು ತೊಟ್ಟಾಗಿ ಬಿಡುತ್ತೇನೆ, ಹಿಂದಿನ ಡಿಸ್ಕಿಗೆ ಬಟ್ಟೆ ಸುತ್ತಿರುತ್ತೇನೆ. ಹೊಸ ಪ್ಯಾಡ್ ಹಾಕಿದರೆ ಖಾಲಿ ರಸ್ತೆಯಲ್ಲಿ ವೇಗವಾಗಿ ಹೋಗಿ ನಡಿಗೆಯ ವೇಗಕ್ಕೆ ಬರುವವರೆಗೆ ಬ್ರೇಕ್ ಹಿಡಿಯುತ್ತೇನೆ, ಪೂರ್ತಿ ನಿಲ್ಲಿಸುವುದಿಲ್ಲ. ಹೀಗೆ ಇಪ್ಪತ್ತು ಸಲ. ಪ್ಯಾಡಿನ ತೆಳುವಾದ ಪದರವೊಂದು ಡಿಸ್ಕಿಗೆ ಅಂಟಿದರೇನೇ ಹಿಡಿತ ಬರುವುದು. ಇನ್ನು ಕಿರುಚಾಟಕ್ಕೆ ಕಾರಣ ಸಾಮಾನ್ಯವಾಗಿ ದೂಳು, ತೇವ, ಇಲ್ಲವೇ ಪ್ಯಾಡು ಓರೆಯಾಗಿ ಕೂತದ್ದು. ಕಿರುಚುವ ಬ್ರೇಕು ಬಹಳ ಸಲ ನಿಲ್ಲಿಸುವ ಬ್ರೇಕೇ ಆಗಿರುತ್ತದೆ.

ತಮಾಷೆಯೆಂದರೆ ಬೆಟ್ಟದಲ್ಲಿ ಸೈಕಲ್ ಓಡಿಸುವ ಈ ಆಟಕ್ಕೆ ಹೆಸರು ತಂದ ಮೊದಲ ಪಂದ್ಯದ ಹೆಸರಿನಲ್ಲೇ ಬ್ರೇಕಿನ ಜಿಡ್ಡು ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಮಣ್ಣಿನ ಇಳಿಜಾರೊಂದರಲ್ಲಿ ಪಂದ್ಯ ಕಟ್ಟತೊಡಗಿದರು. ಮೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರದಲ್ಲಿ ಸುಮಾರು 400 ಮೀಟರ್ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಚಕ್ರದ ಗುಂಬದೊಳಗೆ ಇತ್ತು. ಕೆಳಗೆ ಬರುವಷ್ಟರಲ್ಲಿ ಅದರ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹಾಗೆ ಮತ್ತೆ ತುಂಬುವುದರಿಂದಲೇ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು. ಅಲ್ಲಿ ಓಡಿಸಿದವರಲ್ಲಿ ಗ್ಯಾರಿ ಫಿಷರ್, ಜೋ ಬ್ರೀಜ್ ಮುಂತಾದವರು ಮುಂದೆ ಮೌಂಟನ್ ಬೈಕುಗಳನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಈ ಆಟ ಪದಕದ ಸ್ಪರ್ಧೆಯಾಗಿತ್ತು. ಅವರ ಸೈಕಲ್ಲಿಗೆ ಹಿಂದೆ ಇರಲಿ, ಮುಂದೆಯೂ ಸಸ್ಪೆನ್ಷನ್ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಅರ್ಧ ಇಲ್ಲೇ ಇದೆ.

ಆದ್ದರಿಂದ "ಎರಡು ಸಸ್ಪೆನ್ಷನ್ನೋ ಒಂದೋ" ಎಂಬ ಪ್ರಶ್ನೆಯನ್ನೇ ಬಿಡಿ. 22 ಸಾವಿರವನ್ನೂ ಸೈಕಲ್ಲಿಗೆ ಸುರಿಯಬೇಡಿ. ಮುಂದೆ ಮಾತ್ರ ಸಸ್ಪೆನ್ಷನ್ ಇರುವುದನ್ನು 17–18 ಸಾವಿರದೊಳಗೆ ನೋಡಿ, ಚೆನ್ನಾಗಿರುವ ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಉಳಿದ ಹಣ ಹೆಲ್ಮೆಟ್, ಕೈಗವಸು, ಪಂಪು, ಎರಡು ಟ್ಯೂಬು, ಒಂದು ಜೊತೆ ಪ್ಯಾಡಿಗೆ. ಕೇಬಲ್ ಬದಲು ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಸಿಗದಿದ್ದರೆ ಕೇಬಲಿನದೂ ಸಾಕು. ಗೇರಿನ ಸಂಖ್ಯೆ ಎಷ್ಟೆಂದು ಅಂಗಡಿಯವರನ್ನು ಕೇಳಲೇಬೇಡಿ, 21 ಎಂದು ಅವರೇ ಹತ್ತು ಸಲ ಹೇಳುತ್ತಾರೆ.

ಗಾಳಿ ಕಡಿಮೆ ಹಾಕಿಸಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತೆ ತುಂಬಿಕೊಡುತ್ತಾರೆ. 2.1 ಇಂಚಿನ ಟೈರಿಗೆ ನಾನು 30 ಪಿಎಸ್‌ಐ ಆಸುಪಾಸಿನಲ್ಲಿ ಇಡುತ್ತೇನೆ. ನೀವು ಹುಡುಕುತ್ತಿರುವ ಮೆತ್ತನೆಯ ಸವಾರಿಯಲ್ಲಿ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ, ಬಿಟ್ಟಿಯಾಗಿ. ನೆಗ್ಗಿಲ ಮುಳ್ಳಿನ ಕಾಟ ಬೇರೆ ಮಾತು, ಅದಕ್ಕೆ ಟ್ಯೂಬಿನೊಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಬಿಡಿ.

ಅಂತರಗಂಗೆಯ ಮೆಟ್ಟಿಲ ಹತ್ತಿರ ಸೈಕಲ್ ಒಯ್ಯಬೇಡಿ. ದೇವರ ದರ್ಶನಕ್ಕೆ ಮುದುಕರು, ಮಕ್ಕಳು ಹತ್ತುವ ಜಾಗ, ಜೊತೆಗೆ ಕೋತಿಗಳು. ಮೊದಲ ಆರು ತಿಂಗಳು ಕೆರೆ ಏರಿ, ನೀಲಗಿರಿ ತೋಪಿನ ಬಂಡಿ ದಾರಿ ಸಾಕು. ಅಲ್ಲಿ ಸೀಟು ತಗ್ಗಿಸಿ, ಪೆಡಲಿನ ಮೇಲೆ ನಿಂತು, ಸೊಂಟ ಹಿಂದಕ್ಕೆ ತಳ್ಳಿ ಇಳಿಯುವುದನ್ನು ಕಲಿಯಿರಿ. ಬ್ರೇಕನ್ನು ತಿರುವಿನ ಒಳಗಲ್ಲ, ಅದಕ್ಕೆ ಮುಂಚೆಯೇ ಹಿಡಿಯಿರಿ. ನಿಲ್ಲಿಸುವ ಬಲ ಹೆಚ್ಚಾಗಿ ಮುಂದಿನದರಲ್ಲಿದೆ, ಗರಸಿನ ಮೇಲೆ ಹಿಂದಿನದನ್ನು ಬಿಗಿ ಹಿಡಿದರೆ ಚಕ್ರ ಜಾರುತ್ತದೆ. ಮುಂದಿನದಕ್ಕೆ ಒಂದೇ ಬೆರಳು, ನಿಧಾನವಾಗಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ನನ್ನ ಹಳೆಯ ಸೈಕಲ್ ಈಗ ಸೊಪ್ಪಿನ ಕಟ್ಟು ಹೊರುತ್ತಿದೆ. ಕೆಂಪು ಸ್ಪ್ರಿಂಗಿನ ಜಾಗಕ್ಕೆ ಅಪ್ಪ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದ್ದಾರೆ. ಮೊದಲಿಗಿಂತ ಚೆನ್ನಾಗಿ ಓಡುತ್ತದೆ.

ಇನ್ನೊಂದು ಮರೆತಿದ್ದೆ. ಪ್ಯಾಡ್ ಕೊಳ್ಳಲು ಹೋಗುವಾಗ ಹಳೆಯದನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಆಕಾರಗಳು ಹತ್ತಾರು ಇವೆ, ಹೆಸರು ಹೇಳಿ ತಂದರೆ ಕೂರುವುದಿಲ್ಲ. ನಾನು ಎರಡು ಸಲ ಬಸ್ಸಿನಲ್ಲಿ ವಾಪಸ್ ಹೋಗಿ ಬದಲಾಯಿಸಿಕೊಂಡು ಬಂದಿದ್ದೇನೆ.