ಸೆಕೆಂಡ್ ಹ್ಯಾಂಡ್ ಬೈಕ್ ಇಂಜಿನ್ ಟಕ್ ಟಕ್ ಅಂತಿದೆ. ಬೋರ್ ಮಾಡಿಸಬೇಕಾ, ಮಾರಿಬಿಡಬೇಕಾ?

ಎರಡೂ ಬೇಡ. ಸದ್ಯಕ್ಕಂತೂ ಬೇಡ. (ಬೋರ್ ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸೋದು.)

ಹಳೇ 150 ಸಿಸಿ ಬೈಕು, ಮನೆಗೆ ತಂದ ಮೇಲೆ ಸದ್ದು ಗೊತ್ತಾಯಿತು, ಮೆಕ್ಯಾನಿಕ್ ಒಂದು ಸಲ ಕೇಳಿ "ಇಂಜಿನ್ ಬಿಚ್ಚಬೇಕು" ಅಂದರು ಅಂತ ಬರೆದಿದ್ದೀರಿ. ಓದುವಾಗ ನಗು ಬಂತು, ಬೇಜಾರು ಮಾಡ್ಕೋಬೇಡಿ. ನನ್ನದೂ ಇದೇ ಕಥೆ. ಊರು ತುಮಕೂರು, ಬೈಕು ಕೆಎ-06. ನೋಡೋಕೆ ಹೋದಾಗ ಮಾರುವವರು ಆಗಲೇ ಒಂದು ರೌಂಡ್ ಹೊಡೆದು ಇಂಜಿನ್ ಬಿಸಿ ಮಾಡಿ ಇಟ್ಟಿದ್ದರು. ಬಿಸಿ ಇಂಜಿನ್ನಿನಲ್ಲಿ ಕೆಲವು ಸದ್ದು ಅಡಗಿಬಿಡುತ್ತವೆ. ಮಾರನೇ ದಿನ ಬೆಳಿಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿದರೆ ಟಕ್ ಟಕ್ ಟಕ್, ಬೀದಿಗೆಲ್ಲ ಕೇಳೋ ಹಾಗೆ.

ನಮ್ಮ ಏರಿಯಾದ ಮೆಕ್ಯಾನಿಕ್ "ಟ್ಯಾಪೆಟ್ ಸೌಂಡು" ಅಂದರು, ಅಂದರೆ ಇಂಜಿನ್ ತಲೆಯಲ್ಲಿ ವಾಲ್ವ್ ಗ್ಯಾಪ್ ಹೊಂದಿಸೋ ಸ್ಕ್ರೂ ಜಾಗದ ಸದ್ದು. ಸೆಟ್ ಮಾಡಿ ಕೊಟ್ಟರು. ಸದ್ದು ಒಂಚೂರು ಕಮ್ಮಿ ಆದ ಹಾಗಿತ್ತು, ಪೂರ್ತಿ ಹೋಗಿರಲಿಲ್ಲ. ನಾನು ಸುಮ್ನೆ ಇರಬೇಕಿತ್ತು. "ಅಣ್ಣ, ಇನ್ನೂ ಇದೆ, ಇನ್ನೊಂಚೂರು ಟೈಟ್ ಮಾಡಿ" ಅಂತ ಮತ್ತೆ ಹೋದೆ. ಅವರು ಮಾಡಿದರು. ಮತ್ತೆ ಹೋದೆ. ಪಾಪ, ಗಿರಾಕಿ ಕೇಳ್ತಾನೆ ಅಂತ ಅವರೂ ಸ್ಕ್ರೂ ತಿರುಗಿಸುತ್ತಲೇ ಹೋದರು.

ಇದರಲ್ಲಿ ಏನು ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನನ್ನ ದುಡ್ಡು ಹೋಗಿದ್ದು ಇಲ್ಲೇ. ವಾಲ್ವ್ ಅಂದರೆ ಇಂಜಿನ್ ಒಳಗೆ ಗ್ಯಾಸ್ ಬಿಡೋ, ಹೊರಗೆ ಹಾಕೋ ಬಾಗಿಲು, ಅದನ್ನು ಒತ್ತಿ ತೆರೆಯೋ ಸನ್ನೆ ರಾಕರ್. ರಾಕರ್‌ಗೂ ವಾಲ್ವ್ ತುದಿಗೂ ಮಧ್ಯೆ ಕೂದಲೆಳೆ ಗ್ಯಾಪ್ ಬಿಟ್ಟಿರುತ್ತಾರೆ. ಅದು ಬೇಕಂತಲೇ ಬಿಟ್ಟಿದ್ದು. ಇಂಜಿನ್ ಬಿಸಿಯಾದಾಗ ವಾಲ್ವ್ ಹಿಗ್ಗಿ ಉದ್ದ ಆಗುತ್ತೆ, ಆ ಉದ್ದಕ್ಕೆ ಜಾಗ ಬೇಕು. ಗ್ಯಾಪ್ ಇಲ್ಲದಿದ್ದರೆ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳೋದೇ ಇಲ್ಲ. ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಬಿಟ್ಟುಕೊಡೋದು ಸೀಟ್ ಮೇಲೆ, ಅಂದರೆ ತಾನು ಮುಚ್ಚಿಕೊಳ್ಳೋ ಅಂಚಿನ ಮೇಲೆ, ಕೂತಾಗಲೇ. ಕೂರೋಕೇ ಆಗದಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು? ಜೊತೆಗೆ ಉರಿಯೋ ಗ್ಯಾಸು ಆ ಸಂದಿಯಲ್ಲೇ ನುಗ್ಗುತ್ತೆ. ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಹೋಗುತ್ತೆ. ಮಜಾ ಏನು ಅಂದರೆ ಇದಕ್ಕೆಲ್ಲ ಸದ್ದೇ ಇರಲ್ಲ. ಸಡಿಲ ಟ್ಯಾಪೆಟ್ ಕೂಗಾಡುತ್ತೆ, ಟೈಟ್ ಟ್ಯಾಪೆಟ್ ತಣ್ಣಗೆ ಇಂಜಿನ್ ತಿನ್ನುತ್ತೆ.

ಒಂದು ಭಾನುವಾರ ದೇವರಾಯನದುರ್ಗ ಬೆಟ್ಟಕ್ಕೆ ಹೊರಟೆವು, ಹಿಂದೆ ಹೆಂಡತಿ. ನಾಮದ ಚಿಲುಮೆ ದಾಟಿ ಏರು ಶುರುವಾಯಿತು ನೋಡಿ, ಬೈಕಿಗೆ ಉಸಿರೇ ಇಲ್ಲ. ಸೆಕೆಂಡ್ ಗೇರ್, ಆಮೇಲೆ ಫಸ್ಟ್. ಕೊನೆಗೆ ಆಫ್ ಆಗಿ ನಿಂತಿತು. ಕಿಕ್ಕರ್ ಹೊಡೆದರೆ ಕಾಲಿಗೆ ಒಂಚೂರೂ ಅಡ್ಡ ಸಿಗಲಿಲ್ಲ, ಸರಕ್ಕನೆ ಕೆಳಗೆ ಹೋಯಿತು. ಕಂಪ್ರೆಶನ್ (ಸಿಲಿಂಡರಿನೊಳಗೆ ಗ್ಯಾಸ್ ಒತ್ತೋ ಶಕ್ತಿ) ಹೋಗಿತ್ತು. ಹೆಂಡತಿ ಮಂಗಗಳಿಗೆ ಅಂತ ತಂದಿದ್ದ ಬಾಳೆಹಣ್ಣನ್ನು ಅಲ್ಲೇ ಕೂತು ತಿಂದಳು.

ಈ ಸಲ ಬೇರೆ ಗ್ಯಾರೇಜು. ವಯಸ್ಸಾದ ಭಾಯ್ ಒಬ್ಬರು. ಟ್ಯಾಪೆಟ್ ಕ್ಯಾಪ್ ಬಿಚ್ಚಿ, ಗ್ಯಾಪ್ ಅಳೆಯೋ ಫೀಲರ್ ಗೇಜಿನ ತೀರಾ ತೆಳು ಎಲೆ ತೂರಿಸಿ ನೋಡಿದರು. ಒಳಗೇ ಹೋಗಲಿಲ್ಲ. "ಗ್ಯಾಪೇ ಇಲ್ವಲ್ಲ ಸಾರ್, ಯಾರು ಸೆಟ್ ಮಾಡಿದ್ದು?" ಅಂದರು. ನಾನು ಗಾಡಿ ಕಡೆ ನೋಡಿದೆ. ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸಿ, ಹೊಸ ವಾಲ್ವ್ ಹಾಕಿ, ಸೀಟಿಗೆ ಉಜ್ಜಿ ಕೂರಿಸಿ ಕೊಟ್ಟರು.

ಅಷ್ಟೆಲ್ಲ ಆದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅದೇ ಟಕ್ ಟಕ್! ಸೀದಾ ಅವರ ಹತ್ತಿರವೇ ತಗೊಂಡು ಹೋಗಿ ಬಿಟ್ಟು ಬಂದೆ. ಮಾರನೇ ಬೆಳಿಗ್ಗೆ ಹೋದರೆ, ರಾತ್ರಿಯೆಲ್ಲ ತಣ್ಣಗಾದ ಇಂಜಿನ್ನನ್ನು ಅವರು ನನ್ನ ಎದುರೇ ಸ್ಟಾರ್ಟ್ ಮಾಡಿ, ಹೆಡ್ಡಿಗೆ ಸೈಲೆನ್ಸರ್ ಪೈಪ್ ಸೇರೋ ಜಾಗಕ್ಕೆ ಸೋಪಿನ ನೀರು ಬಿಟ್ಟರು. ಬುಳುಬುಳು ಅಂತ ಗುಳ್ಳೆ. ಸುತ್ತ ಕರೀ ಮಸಿ ಮೊದಲಿಂದಲೂ ಇತ್ತು, ನಾನು ಅದನ್ನು ಕೊಳೆ ಅಂದುಕೊಂಡಿದ್ದೆ. ಆ ಜೋಡಣೆಯ ಸಂದಿ ಮುಚ್ಚೋ ಗ್ಯಾಸ್ಕೆಟ್ ರಿಂಗ್ ಹೋಗಿ ಗ್ಯಾಸ್ ಲೀಕ್ ಆಗ್ತಿತ್ತು. ಅದರ ಸದ್ದು ಥೇಟ್ ಟ್ಯಾಪೆಟ್ ಥರಾನೇ. ಪೈಪ್ ಬಿಸಿಯಾಗಿ ಹಿಗ್ಗಿದ ಮೇಲೆ ಕಮ್ಮಿ ಆಗುತ್ತೆ. ಆ ರಿಂಗಿನ ಬೆಲೆ ಎರಡು ಟೀ ಕಾಸು.

ಅದಕ್ಕೇ "ಬೋರಾ, ಮಾರೋದಾ" ಅನ್ನೋ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆ ಇಲ್ಲ. ಸದ್ದು ಎಲ್ಲಿಂದ, ಯಾವಾಗ ಬರುತ್ತೆ ಅಂತ ನೀವು ಬರೆದೇ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲೇ ಕ್ಲಚ್ ಲಿವರ್ ಪೂರ್ತಿ ಹಿಡಿಯಿರಿ. ಸದ್ದು ಬದಲಾದರೆ ಅಥವಾ ನಿಂತರೆ ಅನುಮಾನ ಕ್ಲಚ್ ಕಡೆಗೆ, ಬೋರಿಗೂ ಅದಕ್ಕೂ ಸಂಬಂಧ ಇಲ್ಲ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗೆ, ಆಮೇಲೆ ಕೆಳಗೆ ಕ್ರ್ಯಾಂಕ್ ಕೇಸಿಗೆ (ಇಂಜಿನ್ನಿನ ಕೆಳಭಾಗದ ಡಬ್ಬ) ಒತ್ತಿ, ಹಿಡಿಗೆ ಕಿವಿ ಕೊಡಿ. ಎಲ್ಲಿ ಜೋರು ಅಂತ ತಕ್ಷಣ ಗೊತ್ತಾಗುತ್ತೆ. ಏರಿನಲ್ಲಿ ದೊಡ್ಡ ಗೇರ್‌ನಲ್ಲೇ ಎಳೆದಾಗ ಮಾತ್ರ ಚಿಣ್ ಚಿಣ್ ಅಂದರೆ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಮೊದಲು ಗೇರ್ ಇಳಿಸಿ ಓಡಿಸಿ, ಕಾರ್ಬನ್ ಕಟ್ಟಿದೆಯಾ, ಇಗ್ನಿಶನ್ ಟೈಮಿಂಗ್ (ಕಿಡಿ ಹಾರೋ ಸಮಯ) ಸರಿ ಇದೆಯಾ ಅಂತ ನೋಡಿಸಿ. ಕೆಳಗಿಂದ ದಪ್ಪಗೆ ಡಗ್ ಡಗ್ ಅಂತಿದ್ದು, ಬಿಸಿಯಾದಷ್ಟೂ ಜಾಸ್ತಿ ಆದರೆ ಮಾತ್ರ ಓಡಿಸಬೇಡಿ, ಟೆಂಪೋದಲ್ಲಿ ಹಾಕಿಸಿಕೊಂಡು ಹೋಗಿ. ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು.

ಆಯಿಲ್ ಎಷ್ಟಿದೆ, ಯಾವುದು ಹಾಕಿದ್ದಾರೆ ಅಂತಲೂ ನೋಡಿ. ಕಂಪನಿ ತೆಳು 10ಡಬ್ಲ್ಯು-30 ಆಯಿಲ್ ಅಂದಿರೋ ಗಾಡಿಗೆ ಅದಕ್ಕಿಂತ ಗಟ್ಟಿ 20ಡಬ್ಲ್ಯು-50 ಸುರಿದು ಸದ್ದು ಮುಚ್ಚಿ ಮಾರುವವರು ಇದ್ದಾರೆ.

ಇನ್ನು ಬೋರ್ ವಿಷಯ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇದೆಯಾ? ಆಯಿಲ್ ಕುಡೀತಿದೆಯಾ? ಕಂಪ್ರೆಶನ್ ಬಿದ್ದಿದೆಯಾ? ಮೂರಕ್ಕೂ ಇಲ್ಲ ಅಂದರೆ, ಸದ್ದು ಎಲ್ಲಿಂದ ಅಂತ ಬೆರಳಿಟ್ಟು ತೋರಿಸೋವರೆಗೂ ಇಂಜಿನ್ ಬಿಚ್ಚೋಕೆ ಬಿಡಬೇಡಿ. ಕ್ಲಚ್ ಹಿಡಿದಾಗ ಏನಾಯ್ತು ಅಂತ ಇಲ್ಲೇ ಬರೀರಿ, ಮುಂದಿನದು ನೋಡೋಣ.