ಭಾವಾರ್ಥ ಬೇಡ, ಹಾಯ್ಕು ಸಾಕು

ಪ್ರಿಯರೇ,

ನಿಮ್ಮ ಹನ್ನೆರಡು ಹಾಯ್ಕುಗಳನ್ನು, ಜಪಾನಿ ಮಾದರಿಯ ಮೂರು ಸಾಲಿನ ಕಿರುಪದ್ಯಗಳನ್ನು, ಓದಿದೆವು. ಪ್ರತಿಯೊಂದರ ಕೆಳಗೂ ಎರಡು ಸಾಲಿನ ಭಾವಾರ್ಥವಿದೆ. ‘ಓದುಗರು ಬೇರೆ ಅರ್ಥ ಮಾಡಿಕೊಳ್ಳಬಾರದಲ್ಲ’ ಎಂದು ಕಾರಣವನ್ನೂ ಬರೆದಿದ್ದೀರಿ. ಹನ್ನೆರಡು ಭಾವಾರ್ಥಗಳನ್ನೂ ಹೊಡೆದುಹಾಕಿದ್ದೇವೆ.

ಜಪಾನಿನ ಹಾಯ್ಕು ಕವಿ ಬಾಶೋನ ಶಿಷ್ಯ ಕ್ಯೊರಾಯ್ ಬರೆದಿಟ್ಟ ಪ್ರಸಂಗವೊಂದು ನಿಮ್ಮ ಅಳುಕಿಗೆ ಸರಿಯಾದ ಉತ್ತರ. ‘ಬಂಡೆಯ ತುದಿ, ಇಲ್ಲೂ ಒಬ್ಬ ಚಂದ್ರನ ಅತಿಥಿ’ ಎಂಬುದು ಅವನ ಹಾಯ್ಕು. ಬೆಳದಿಂಗಳಲ್ಲಿ ಅಲೆಯುವಾಗ ಬಂಡೆಯ ಮೇಲೆ ಇನ್ನೊಬ್ಬ ರಸಿಕನನ್ನು ಕಂಡು ಬರೆದೆ ಎಂದ. ಬಾಶೋ ಒಪ್ಪಲಿಲ್ಲ. ಆ ‘ಒಬ್ಬ’ ಕವಿಯೇ ಆಗಲಿ, ಚಂದ್ರನಿಗೆ ತಾನೇ ತನ್ನ ಇರವನ್ನು ಹೇಳಿಕೊಂಡಂತಿರಲಿ, ಅದೇ ಹೆಚ್ಚು ಸೊಗಸು ಎಂದ. ಶಿಷ್ಯ ಆ ಓದನ್ನೇ ಒಪ್ಪಿದ. ಪದ್ಯದ ಒಂದಕ್ಷರವೂ ಬದಲಾಗಲಿಲ್ಲ. ಕೆಳಗೆ ಭಾವಾರ್ಥವಿದ್ದಿದ್ದರೆ ಈ ಓದಿಗೆ ಜಾಗವೆಲ್ಲಿತ್ತು? (ನಮ್ಮ ‘ಒಬ್ಬ’ ಗಂಡಸನ್ನು ತಂದು ಕೂರಿಸುತ್ತದೆ. ಮೂಲದ ‘ಹಿತೊರಿ’ಗೆ ಲಿಂಗವಿಲ್ಲ.)

ಬಾಶೋನ ‘ಒಣ ಕೊಂಬೆಯಲ್ಲಿ ಕಾಗೆ, ಅಕಿ ನೊ ಕುರೆ’ ಎಂಬ ಪದ್ಯವನ್ನೂ ನೋಡಿ. 1680ರಲ್ಲಿ ಬರೆದು ಮುಂದೆ ತಿದ್ದಿದ ಪದ್ಯ ಅದು. ‘ಅಕಿ ನೊ ಕುರೆ’ ಎಂದರೆ ಶರತ್ಕಾಲದ ಸಂಜೆಯೂ ಹೌದು, ಶರತ್ಕಾಲದ ಕೊನೆಯೂ ಹೌದು. ಕಾಗೆ ಒಂದೋ ಹಲವೋ, ಜಪಾನಿ ನಾಮಪದ ಹೇಳುವುದಿಲ್ಲ. ಕನ್ನಡದಲ್ಲಿ ‘ಕಾಗೆ ಕೂತಿದೆ’ ಎಂದರೆ ಒಂದು, ‘ಕೂತಿವೆ’ ಎಂದರೆ ಹಲವು. ‘ಕಾಗೆ ಕೂತ ಕೊಂಬೆ’ ಎನ್ನಿ, ಲೆಕ್ಕ ಓದುಗರಿಗೆ ಬಿಟ್ಟಂತಾಯಿತು. ಪೂರ್ಣ ಕ್ರಿಯಾಪದವನ್ನು ಬಿಟ್ಟು ಬರೆದು ನೋಡಿ.

ಈಗ ನಿಮ್ಮ ಮೂರನೆಯದು:

ಅಜ್ಜಿಯ ಕನ್ನಡಕ
ಕಿಟಕಿಯಲ್ಲಿ ಧೂಳು
ಕಾಡುವ ನೆನಪು

ಕೊನೆಯ ಸಾಲು ಭಾವಾರ್ಥವೇ. ಮೇಲೆ ಹತ್ತಿ ಕೂತಿದೆ, ಅಷ್ಟೆ. ‘ಧೂಳು’ ಕೂಡ ಅದೇ ಮಾತನ್ನು ಮೆಲ್ಲಗೆ ಹೇಳುತ್ತಿದೆ. ಎರಡನ್ನೂ ತೆಗೆದು ಹೀಗೆ ಮಾಡಬಹುದು:

ಕಿಟಕಿಯಲ್ಲಿ
ಅಜ್ಜಿಯ ಕನ್ನಡಕ;
ಮಾವಿನ ಹೂ

ಅಜ್ಜಿ ತೀರಿಕೊಂಡಿದ್ದಾರೆ ಎಂದು ಒಬ್ಬರು ಓದುತ್ತಾರೆ, ಹೂ ನೋಡಲು ಕನ್ನಡಕ ಮರೆತು ಅಂಗಳಕ್ಕಿಳಿದರು ಎಂದು ಇನ್ನೊಬ್ಬರು. ಹಾಯ್ಕುವಿನಲ್ಲಿ ವಾಡಿಕೆಯಾದ ಋತುವೂ ತಾನಾಗಿ ಬಂತು.

ಹಾಗೆಂದು ಮಬ್ಬಾಗಿ ಬರೆದರೆ ಅರ್ಥ ಹೆಚ್ಚುವುದಿಲ್ಲ. ನಿಮ್ಮ ಏಳನೆಯದರಲ್ಲಿ ‘ಮೌನ’, ‘ಶೂನ್ಯ’, ‘ಅನಂತ’ ಮೂರೂ ಇವೆ, ಕಣ್ಣಿಗೆ ಕಾಣುವಂಥದ್ದು ಒಂದೂ ಇಲ್ಲ. ಮೂವರಿಗೆ ಕೊಟ್ಟು ‘ಏನರ್ಥ?’ ಎನ್ನದೆ ‘ಏನು ಕಾಣಿಸಿತು?’ ಎಂದು ಕೇಳಿ. ಅವರು ಕಂಡದ್ದನ್ನು ತಡವರಿಸದೆ ಹೇಳಿ, ಆಮೇಲೆ ಅರ್ಥಕ್ಕೆ ಜಗಳವಾಡಿದರೆ ಪದ್ಯವನ್ನು ಮುಟ್ಟಬೇಡಿ. ಏನೂ ಕಾಣದಿದ್ದರೆ ಮತ್ತೆ ಬರೆಯಿರಿ.

ಮೂರು ಸಾಲಿಗೆ 5-7-5 ಅಕ್ಷರ ಕೂಡಿಸಲೆಂದು ‘ತಾನೆ’, ‘ಅಂತೂ’ ತುರುಕಿದ್ದೀರಿ. ಜಪಾನಿಯರು ಎಣಿಸುವುದು ನಮ್ಮ ಅಕ್ಷರವನ್ನಲ್ಲ. ಅವರ ಎಣಿಕೆ ಮಾತ್ರೆಗೆ, ಅಂದರೆ ಉಚ್ಚರಿಸುವ ಕಾಲದ ಅಳತೆಗೆ, ಹತ್ತಿರ. ‘ನಿಪ್ಪೊನ್’ ಅವರಿಗೆ ನಾಲ್ಕು. ನಮ್ಮ ಛಂದಸ್ಸಿನಲ್ಲೂ ಎರಡು ಗುರು, ನಾಲ್ಕು ಮಾತ್ರೆ. ಹಾಗಾಗಿ ಹದಿನೇಳು ಅಕ್ಷರ ತುಂಬಿಸಲೇಬೇಕೆಂದಿಲ್ಲ, ಹತ್ತು ಹನ್ನೆರಡಾದರೂ ನಡೆಯುತ್ತದೆ.

5, 9, 11ನೆಯವನ್ನು ಇಟ್ಟುಕೊಂಡಿದ್ದೇವೆ. ಉಳಿದವನ್ನು ತಿದ್ದಿ ಕಳಿಸುವುದಾದರೆ ಆರಕ್ಕಿಂತ ಹೆಚ್ಚು ಬೇಡ. ಪುಟಕ್ಕೊಂದು ಹಾಯ್ಕು, ಅದರ ಕೆಳಗೆ ಖಾಲಿ ಜಾಗ.

ಸಂಪಾದಕರು